ಹುಲ್ಲು ತೋರಿಸಿದ ದಾರಿ

ಹೊಸ ಕಟ್ಟಡದ ಮಾತು ಶುರುವಾದ ಮೇಲೆ ದೊಡ್ಡ ಮೇಡಂಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಮೊದಲು ತುಂಬಿ ತುಳುಕುತ್ತಿತ್ತು ಎಂದರೆ ಅದೂ ಸುಳ್ಳೇ. ಬೀಗ ಹಾಕಿ ಜಗ್ಗಿ ನೋಡಿ, ಸ್ವಲ್ಪ ದೂರ ಹೋಗಿ, ಮತ್ತೆ ವಾಪಸ್ಸು ಬಂದು ಇನ್ನೊಮ್ಮೆ ಜಗ್ಗುವ ಪೈಕಿ ಅವಳು. ಫೋನಿನಲ್ಲಿ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ, ಯಾಕೆ ಎಂದು ತಿರುಗಿ ಕೇಳುವವಳು. ಇಂಥವಳ ಅಂಗಳಕ್ಕೆ ಒಬ್ಬ ಆರ್ಕಿಟೆಕ್ಟನ್ನು ತಂದು ಬಿಟ್ಟರೆ ಏನಾಗಬೇಕೋ ಅದೇ ಆಯಿತು.

ಆ ಶಾಲೆಯನ್ನು ಕಟ್ಟಿದವರು ಅವಳ ಅಪ್ಪ. ಕಟ್ಟಿದ್ದು ಎಂದರೆ ಮೊದಲಿಗೆ ಒಂದೇ ಒಂದು ಉದ್ದನೆಯ ಹೆಂಚಿನ ಹಾಲ್. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಚಿತ್ರ ಬರೆಯಲು ಬಂದ ಮಕ್ಕಳಿಗೆ ಅಕ್ಷರ, ಲೆಕ್ಕ ಹೇಳಿಕೊಡಲು ಆಮೇಲೆ ಜನ ಬಂದರು. ಹಾಲ್ ಸುತ್ತ ಬೇಕಾದಾಗ ಬೇಕಾದ ಕಡೆ ಕೋಣೆಗಳು ಎದ್ದವು. ಹೀಗೆ ಎದ್ದದ್ದರಿಂದ ಆ ಶಾಲೆಯಲ್ಲಿ ಸಂಗೀತದ ಕೋಣೆಗೆ ಹೋಗಬೇಕಾದವರು ವಿಜ್ಞಾನದ ಕೋಣೆಯನ್ನು ಹಾದೇ ಹೋಗಬೇಕಿತ್ತು, ಮತ್ತು ಒಂದು ಮೆಟ್ಟಿಲ ಸಾಲು ಯಾವ ಮಹಡಿಗೂ ಹೋಗದೆ ಗೋಡೆಗೆ ಮೂಗು ತಾಗಿಸಿ ನಿಂತುಬಿಟ್ಟಿತ್ತು. ಅಪ್ಪ ಹೋದ ಮೇಲೆ ಆಫೀಸು ದೊಡ್ಡ ಮಗಳ ಪಾಲಿಗೆ ಬಂತು, ಡ್ಯಾನ್ಸ್ ತರಗತಿ ಚಿಕ್ಕ ಮಗಳ ಪಾಲಿಗೆ. ಹಾಗಾಗಿ ಒಬ್ಬಳು ದೊಡ್ಡ ಮೇಡಂ, ಇನ್ನೊಬ್ಬಳು ಚಿಕ್ಕ ಮೇಡಂ. ಆಡಳಿತ ಮಂಡಳಿಯ ಅಧ್ಯಕ್ಷರು ಸೋದರಮಾವ. ಸಭೆ ಶುರುವಾದ ಸ್ವಲ್ಪ ಹೊತ್ತು ಅವರು ಎಚ್ಚರವಾಗಿರುತ್ತಿದ್ದರು. ಅಂಥದೊಂದು ಎಚ್ಚರದ ಗಳಿಗೆಯಲ್ಲೇ, ಶಾಲೆಯ ಜೊತೆಗೆ ಒಂದು ಕಲಾಕೇಂದ್ರವೂ ಆಗಬೇಕು, ರಂಗಮಂದಿರ, ಸಂಗೀತದ ಕೋಣೆಗಳು, ನೃತ್ಯಶಾಲೆ ಎಲ್ಲ ಒಂದೇ ಆವರಣದಲ್ಲಿ ಬರಬೇಕು ಎಂದು ತೀರ್ಮಾನವಾಗಿಹೋಯಿತು.

ದೊಡ್ಡ ಮೇಡಂಗೆ ಬೇಕಾಗಿದ್ದದ್ದು ಒಂದೇ. ಏನಾದರೂ ಕಟ್ಟಿಕೊಳ್ಳಲಿ, ಅಪ್ಪನ ಹಾಲ್‌ಗೆ ಮಾತ್ರ ಯಾರೂ ಕೈ ಹಚ್ಚಬಾರದು. ಎತ್ತರದ ಕಿಟಕಿಗಳಿಂದ ಇಡೀ ದಿನ ಒಂದೇ ಸಮ ಬೆಳಕು ಬೀಳುವ ಆ ಹಾಲ್‌ನ ನೆಲದ ಮೇಲೆ ಮೂರು ತಲೆಮಾರಿನ ಮಕ್ಕಳು ಚೆಲ್ಲಿದ ಬಣ್ಣವಿತ್ತು. ಒಂದು ಕಂಬದ ಮೇಲೆ ಅಪ್ಪ ಕುಂಚ ಒರೆಸಿ ಒರೆಸಿ ಅದು ಮರವೋ ಬಣ್ಣವೋ ತಿಳಿಯದಂತಾಗಿತ್ತು. ಚಿಕ್ಕಂದಿನಲ್ಲಿ ಅವಳು ಆ ಕಂಬಕ್ಕೆ ಒರಗಿ ಕೂತು ಅಪ್ಪನಿಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದಳು. ಚಿತ್ರ ಅವಳ ಕೈಗೆ ಹತ್ತಲಿಲ್ಲ. ಪೆನ್ಸಿಲ್ ಚೂಪು ಮಾಡುವುದರಲ್ಲಿ ಮಾತ್ರ ಅವಳದು ಎತ್ತಿದ ಕೈ ಎಂದು ಅಪ್ಪ ಎಲ್ಲರೆದುರು ಹೇಳುತ್ತಿದ್ದರು. ಅವಳ ಜೀವನದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಆಮೇಲೆ ಸಿಗಲಿಲ್ಲ.

ಆರ್ಕಿಟೆಕ್ಟ್ ಬಂದ. ಉದ್ದನೆಯ, ತೆಳ್ಳನೆಯ, ಬಟ್ಟೆಚೀಲದ ಮನುಷ್ಯ; ಬೂಟಿನ ಮಣ್ಣು ಕೊಡವದೆ ಆಫೀಸಿಗೆ ಬರುವವನು. ನಕ್ಷೆ ಯಾವಾಗ ಎಂದು ಕೇಳಿದರೆ, ಕಾಯೋಣ ಎನ್ನುತ್ತಿದ್ದ. ಪಾಯ ಎಲ್ಲಿ ಎಂದರೂ ಅದೇ. ಶಿಕ್ಷಕರ ಕೋಣೆಯಲ್ಲಿ ಅವನಿಗೆ ವಾರದೊಳಗೆ 'ಕಾಯೋಣ ಸಾಹೇಬ' ಎಂಬ ಹೆಸರು ಬಿತ್ತು. ಬಂದ ಮೊದಲ ವಾರವೇ ಅವನು ಚಿಕ್ಕ ಮೇಡಂ ಜೊತೆ ಅಪ್ಪನ ಹಾಲ್‌ಗೆ ಹೋಗಿ ಟೇಪು ಹಿಡಿದು ಮೂಲೆ ಮೂಲೆ ಅಳೆದ. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ತಂಗಿ ಟೇಪಿನ ಇನ್ನೊಂದು ತುದಿ ಹಿಡಿದು ನಗುತ್ತ ನಿಂತಿದ್ದಳು. ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ಇದನ್ನು ಕಂಡಳು. ಬೀಳಿಸುವ ಯೋಚನೆ ಇಲ್ಲದವರು ಅಳೆಯುವುದಾದರೂ ಯಾಕೆ?

ಮರುದಿನ ಹಾಲ್‌ನ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಬೀಗ ಬಿತ್ತು. ಡ್ರಾಯಿಂಗ್ ತರಗತಿ ಮೊಗಸಾಲೆಗೆ ಬಂತು. ಮಕ್ಕಳು ಗಾಳಿಗೆ ಹಾರುವ ಹಾಳೆಗಳನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಬರೆಯತೊಡಗಿದರು. ಸೋದರಮಾವ ಯಾಕೆ ಎಂದು ಕೇಳಿದ್ದಕ್ಕೆ, ಸೂರು ಶಿಥಿಲವಾಗಿದೆ, ಹೆಂಚು ಯಾವಾಗ ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗದು ಎಂದಳು. ಸೂರು ಕಲ್ಲಿನಂತಿತ್ತು. ಆದರೆ ಮಕ್ಕಳ ತಲೆಯ ಮಾತು ಬಂದ ಮೇಲೆ ಎದುರಾಡುವವರು ಯಾರು? ಬೀಗದ ಕೈ ಅವಳ ಗೊಂಚಲಿಗೆ ಸೇರಿತು. ಅವಳ ಮಟ್ಟಿಗೆ ಹಾಲ್ ಉಳಿಯಿತು.

ಇತ್ತ ಕಾಯೋಣ ಸಾಹೇಬ ಆವರಣದ ಜಲ್ಲಿ ದಾರಿಗಳನ್ನೆಲ್ಲ ಅಗೆಸಿ, ಅಂಚಿನ ಇಟ್ಟಿಗೆಗಳನ್ನು ಕೀಳಿಸಿ, ಹುಲ್ಲಿನ ಬೀಜ ಹಾಕಿಸಿದ. ಸಭೆಯಲ್ಲಿ ಅವನು ಕೊಟ್ಟ ವಿವರಣೆ ಇಷ್ಟೇ: "ಮಕ್ಕಳು ಎಲ್ಲಿ ನಡೀತಾರೋ ನಡೀಲಿ. ಹುಲ್ಲು ಎಲ್ಲಿ ಸವೆಯುತ್ತೋ ಅಲ್ಲಿ ದಾರಿ. ದಾರಿಗಳು ಎಲ್ಲಿ ಸೇರ್ತಾವೋ ಅಲ್ಲಿ ಬಾಗಿಲು. ಬಾಗಿಲು ಎಲ್ಲಿ ಅಂತ ಗೊತ್ತಾದ್ಮೇಲೆ ಗೋಡೆ ತಾನಾಗೇ ಬರುತ್ತೆ. ಯಾರೂ ಹೋಗದ ಕಡೆ ಏನನ್ನೂ ಕಟ್ಟೋದೂ ಬೇಡ, ಇಟ್ಕೊಳ್ಳೋದೂ ಬೇಡ." ಯಾರೂ ಏನೂ ಮಾಡಬೇಕಾಗಿಲ್ಲದ ಯೋಜನೆ ಸೋದರಮಾವನಿಗೆ ಬಹಳ ಹಿಡಿಸಿತು. ಒಪ್ಪಿಗೆ ಕೊಟ್ಟು ಕಣ್ಣು ಮುಚ್ಚಿದರು.

ಮಳೆ ಬಂತು, ಹುಲ್ಲು ಬಂತು. ಮಕ್ಕಳು ಓಡಾಡಿ ಅಲ್ಲಲ್ಲಿ ಗೆರೆಗಳೆದ್ದವು. ದೊಡ್ಡ ಮೇಡಂ ತನ್ನ ಪಾಡಿಗೆ ಬೀಗ ನೋಡಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಸಂಜೆ ಗಂಟೆ ಹೊಡೆದ ಮೇಲೆ ಒಮ್ಮೆ. ಮುಂದಿನ ಬೀಗ ಆಫೀಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ಹಿಂದಿನದಕ್ಕೆ ಮಾತ್ರ ನಡೆದು ಹೋಗಬೇಕಿತ್ತು. ಹೀಗೆ ಒಂದು ಬೆಳಿಗ್ಗೆ ಹೋದಾಗ ಹಾಲ್‌ನ ಹಿಂಭಾಗದ ಹುಲ್ಲಿನಲ್ಲಿ ಅವಳಿಗೆ ಒಂದು ಸಣ್ಣ ಗೆರೆ ಕಂಡಿತು. ಯಾವ ತರಗತಿಗೂ ಆ ಕಡೆ ಕೆಲಸವಿಲ್ಲ. ಆದರೂ ಯಾರೋ ಬರುತ್ತಿದ್ದಾರೆ. ಹಿಂದಿನ ಬಾಗಿಲವರೆಗೆ ಬಂದು ಬಂದು ಹೋಗುತ್ತಿದ್ದಾರೆ.

ಅದು ಯಾರ ಹೆಜ್ಜೆ ಎಂದು ನಿಮಗೆ ಈಗಾಗಲೇ ಹೊಳೆದಿದ್ದರೆ ಆಶ್ಚರ್ಯವಿಲ್ಲ. ಅವಳಿಗೆ ಹೊಳೆಯಲಿಲ್ಲ. ಅವಳ ಲೆಕ್ಕದಲ್ಲಿ ನಡೆದಾಡುವುದು ಎಂದರೆ ಕೆಲಸವಿಲ್ಲದವರು ಮಾಡುವಂಥದು. ತಾನು ನಡೆಯುತ್ತಿರಲಿಲ್ಲ, ನೋಡಿಕೊಂಡು ಬರುತ್ತಿದ್ದಳು. ಜಗತ್ತಿನಲ್ಲಿ ಎಲ್ಲರ ಮೇಲೂ ಕಣ್ಣಿಟ್ಟವಳು ತನ್ನ ಕಾಲಿನ ಮೇಲೆ ಕಣ್ಣಿಡಲು ಮರೆತಳು, ಅಷ್ಟೇ.

ತಲೆಗೆ ಹುಳ ಬಿಡಲು ಲೆಕ್ಕದ ಮೇಷ್ಟ್ರು ಸಿದ್ಧವಾಗಿಯೇ ಇದ್ದರು. ರಂಗಮಂದಿರ ತಮ್ಮ ತರಗತಿಯ ಪಕ್ಕ ಬಂದು, ಹಾಡು ಕೂಗಾಟ ಶುರುವಾದರೆ ಗತಿಯೇನು ಎಂಬುದು ಅವರ ಚಿಂತೆ. ಆದ್ದರಿಂದ ಕಟ್ಟಡವೆಲ್ಲ ಆಚೆ ಪಕ್ಕಕ್ಕೆ ಹೋಗಲಿ ಎಂದು ಬಯಸುತ್ತಿದ್ದರು, ಆದರೆ ಆಚೆ ಪಕ್ಕದಲ್ಲಿ ಅಪ್ಪನ ಹಾಲ್ ಇದೆಯಲ್ಲ ಎಂದು ಮರುಗುತ್ತಲೂ ಇದ್ದರು. ಅವರ ಮಾತಿನ ಶೈಲಿಯೇ ಬೇರೆ. ನಾನೇನೂ ಹೇಳಲ್ಲ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿ, ನಾನೇನೂ ಹೇಳಲಿಲ್ಲ ಎಂದು ಮುಗಿಸುತ್ತಿದ್ದರು. ಹಾಗೆ ಏನೂ ಹೇಳದೆ ಅವರು ತಿಳಿಸಿದ್ದು ಇದು: ಕಾಯೋಣ ಸಾಹೇಬ ದಿನವೂ ಡ್ಯಾನ್ಸ್ ಕೋಣೆಗೆ ಹೋಗುತ್ತಾನೆ, ಹೋದವನು ಬೇಗ ಹೊರಗೆ ಬರುವುದಿಲ್ಲ, ಮತ್ತು ಯಾರಾದರೂ ಬೇಕೆಂದೇ ಹುಲ್ಲು ಸವೆಸಿದರೆ ಕಟ್ಟಡ ಅವರಿಗೆ ಬೇಕಾದ ಕಡೆಯೇ ಬರುತ್ತದೆ.

ಈ ಕೊನೆಯ ಮಾತು ನಾಟಿತು. ಡ್ಯಾನ್ಸ್ ಕೋಣೆ ಇದ್ದದ್ದು ಅಪ್ಪನ ಹಾಲ್‌ನ ಬೆನ್ನಿಗೆ, ಹಳೆಯ ಉಗ್ರಾಣದಲ್ಲಿ; ಅದರ ಬಾಗಿಲು ಮಾತ್ರ ಆಚೆ ಕಡೆಗಿತ್ತು. ತಂಗಿ ದಿನಾ ಆ ಕಡೆ ನಡೆದು ಹುಲ್ಲು ಸವೆಸಿದರೆ, ನೋಡಿ ಸ್ವಾಮೀ ಕಾಲು ಇಲ್ಲಿಗೇ ಬರುತ್ತಿದೆ, ಹಾಲ್ ಅಡ್ಡ ಇದೆ, ತೆಗೆಯೋಣ ಎಂದು ಸಾಹೇಬ ಹೇಳುತ್ತಾನೆ. ಸೋದರಮಾವ ನಿದ್ದೆಯಲ್ಲೇ ತಲೆಯಾಡಿಸುತ್ತಾರೆ. ಅಪ್ಪನ ಹಾಲ್ ಇದ್ದ ಜಾಗದಲ್ಲಿ ಇವಳು ಕುಣಿಯುತ್ತಾಳೆ. ಡ್ಯಾನ್ಸ್ ಎನ್ನುವುದನ್ನು ದೊಡ್ಡ ಮೇಡಂ ಮನಸ್ಸಿನಲ್ಲಿ ಯಾವಾಗಲೂ ಕುಣಿತ ಎಂದೇ ಕರೆಯುತ್ತಿದ್ದಳು. ತಂಗಿಯ ಒಂದು ಕಾರ್ಯಕ್ರಮವನ್ನೂ ಅವಳು ಕೂತು ನೋಡಿದವಳಲ್ಲ. ಪ್ರತಿ ವಾರ್ಷಿಕೋತ್ಸವದಲ್ಲೂ ತಂಗಿ ಮುಂದಿನ ಸಾಲಿನಲ್ಲಿ ಒಂದು ಜಾಗ ಇರಿಸುವಳು, ಅಕ್ಕ ಹಿಂದೆ ಎಲ್ಲೋ ಬಾಡಿಗೆ ಕುರ್ಚಿಗಳು ಸರಿಯಾಗಿ ವಾಪಸ್ಸಾಗುತ್ತವೋ ಇಲ್ಲವೋ ಎಂದು ಕಾವಲು ನಿಲ್ಲುವಳು.

ಕಳ್ಳಹೆಜ್ಜೆಯನ್ನು ಹಿಡಿಯಲೇಬೇಕೆಂದು ಅವಳು ಇನ್ನೂ ಹೆಚ್ಚು ಸಲ ಹೋಗತೊಡಗಿದಳು. ಈಗ ಹಿಂದಿನ ಬೀಗಕ್ಕೇ ನಿಲ್ಲದೆ, ಅಲ್ಲಿಂದ ಡ್ಯಾನ್ಸ್ ಕೋಣೆಯ ಹಿಂಬದಿಯ ಕಿಟಕಿಯವರೆಗೂ ಹೋಗಿ, ಗೋಡೆಗೆ ಒತ್ತಿ ನಿಂತು, ಸಾಹೇಬ ಒಳಗಿದ್ದಾನೆಯೇ ಎಂದು ಇಣುಕುತ್ತಿದ್ದಳು. ಮೊದಮೊದಲು ಕಿಟಕಿ ಅರ್ಧ ಮುಚ್ಚಿರುತ್ತಿತ್ತು, ಪರದೆ ಬೇರೆ. ಸಂದಿಯಲ್ಲಿ ಮಕ್ಕಳ ಪಾದಗಳು, ತಂಗಿಯ ಕೈಯ ತುದಿ, ಇಷ್ಟೇ. ಕೆಲವು ದಿನ ಕಳೆಯುವಷ್ಟರಲ್ಲಿ ಕಿಟಕಿ ಪೂರ್ತಿ ತೆರೆದಿತ್ತು. ತನ್ನ ಮೇಲೆ ಕಣ್ಣಿಡಲು ತೆರೆದಿದ್ದಾರೆ ಎಂದುಕೊಂಡಳು. ಆಮೇಲೆ ಪರದೆ ಮಾಯವಾಯಿತು. ಮಕ್ಕಳು ಮೊದಲು ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದವರು ಈಗ ಕಿಟಕಿಯ ಕಡೆಗೇ ಮುಖ ಮಾಡಿ ನಿಲ್ಲತೊಡಗಿದರು. ಸಾಹೇಬ ಹೊರಗೆ ನಿಂತು ನೋಡಿ ಅಳತೆ ತೆಗೆಯಲು ಅನುಕೂಲ ಮಾಡಿಕೊಟ್ಟಿದ್ದಾಳೆ, ಬೇರೇನು?

ಒಂದು ಮಧ್ಯಾಹ್ನ ಕಿಟಕಿಯ ಕೆಳಗೆ ಒಂದು ಕುರ್ಚಿ ಬಂದು ಕೂತಿತ್ತು. ಶಾಲೆಯ ತಗಡಿನ ಕುರ್ಚಿಯಲ್ಲ, ಅಕ್ಕತಂಗಿಯರ ಮನೆಯ ಊಟದ ಮೇಜಿನದು, ಮೇಲೊಂದು ತೆಳುವಾದ ದಿಂಬು. ದೊಡ್ಡ ಮೇಡಂಗೆ ಮೈಯೆಲ್ಲ ಉರಿಯಿತು. ಹಾಗಾದರೆ ಅವನು ಬಂದು ಕೂರುವಷ್ಟು ಮುಂದುವರೆದಿದೆ. ಆ ಕುರ್ಚಿಯ ಹತ್ತಿರವೂ ಸುಳಿಯದೆ ಗೋಡೆಯ ಮೂಲೆಯಲ್ಲಿ ನಿಂತೇ ಕಾದಳು. ಸಾಹೇಬ ಬರಲಿಲ್ಲ. ಒಳಗೆ ತಂಗಿ ಒಂದು ಹುಡುಗಿಗೆ ಕೈ ಹೇಗೆ ಕೆಳಗಿಳಿಸಬೇಕೆಂದು ತೋರಿಸುತ್ತಿದ್ದಳು. ನೀರೊಳಗೆ ಕೈ ಬಿಟ್ಟ ಹಾಗೆ ಬಿಡು, ಬೀಳಿಸಬೇಡ ಎನ್ನುತ್ತಿದ್ದಳು. ಹುಡುಗಿಗೆ ಬರಲಿಲ್ಲ, ಮತ್ತೆ ತೋರಿಸಿದಳು, ಮತ್ತೆ ಬರಲಿಲ್ಲ. ತಂಗಿ ಸಿಡುಕಲಿಲ್ಲ. ದೊಡ್ಡ ಮೇಡಂ ಅಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಹುಡುಗಿಗೆ ಕೊನೆಗೆ ಬಂದಾಗ ತಾನೂ ಉಸಿರು ಬಿಟ್ಟದ್ದು ಅವಳ ಗಮನಕ್ಕೆ ಬಂತು. ತನ್ನ ಮೇಲೆ ತನಗೇ ಸಿಟ್ಟು ಬಂದು ಹಿಂತಿರುಗಿದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಕುರ್ಚಿ ಕಡಿಮೆ ಇತ್ತು. ಕುರ್ಚಿ ಎಲ್ಲಿ ಹೋಯಿತು ಎಂದು ಕೇಳಿ ತಂಗಿಯ ಮುಖವನ್ನೇ ನೋಡಿದಳು. ಬೇಕಾದ ಕಡೆ ಇದೆ ಬಿಡು ಎಂದು ತಂಗಿ ತಟ್ಟೆ ನೋಡಿಕೊಂಡು ನಕ್ಕಳು. ಆ ನಗು ಅಕ್ಕನಿಗೆ ತುತ್ತಿನಲ್ಲಿ ಸಿಕ್ಕ ಕಲ್ಲಿನಂತಾಯಿತು.

ಇನ್ನು ಉಳಿದಿದ್ದ ಚೂರುಪಾರು ಸಂಶಯವೂ ಮುಂದಿನ ವಾರ ಹೋಯಿತು. ಕಿಟಕಿಯ ಪಕ್ಕ ನಿಂತಿದ್ದಾಗ ಒಳಗೆ ಸಾಹೇಬನ ದನಿ ಕೇಳಿತು. ತಂಗಿ ಹೇಳುತ್ತಿದ್ದಳು: "ಜಗಲಿ ಮಾತ್ರ ಈ ಕಡೆಗೇ ಬರಲಿ. ಹಾಲ್‌ಗೂ ನನ್ನ ಕೋಣೆಗೂ ಮಧ್ಯ. ಆದ್ರೆ ಅಕ್ಕನಿಗೆ ಈಗ್ಲೇ ಹೇಳಬೇಡಿ." ಸಾಹೇಬ ಎಂದಿನಂತೆ, ಕಾಯೋಣ ಎಂದ.

ಕಿವಿಯಾರೆ ಕೇಳಿದ ಮೇಲೆ ಇನ್ನೇನು ಬೇಕು? ಒಡಹುಟ್ಟಿದವಳೇ ಬೆನ್ನ ಹಿಂದೆ ಮಸಲತ್ತು ನಡೆಸುತ್ತಿದ್ದಾಳೆ. ದೊಡ್ಡ ಮೇಡಂ ಆಫೀಸಿಗೆ ಬಂದು ಗೊಂಚಲಿನಲ್ಲಿದ್ದ ಹಾಲ್‌ನ ಬೀಗದ ಕೈಯನ್ನು ಬೇರ್ಪಡಿಸಿ ಕೈಚೀಲದ ಒಳಜೇಬಿಗೆ ಹಾಕಿಕೊಂಡಳು. ಕೆಡವುವುದಾದರೆ ಬಾಗಿಲು ಒಡೆದೇ ಕೆಡವಲಿ, ನಾಲ್ಕು ಜನ ನೋಡಲಿ ಎಂದುಕೊಂಡಳು. ಆ ದಿನ ತಂಗಿಯ ಜೊತೆ ಮಾತಾಡಲಿಲ್ಲ. ತಲೆನೋವಾ ಎಂದು ತಂಗಿ ಕೇಳಿ ಒಂದು ಲೋಟ ಬಿಸಿ ಹಾಲು ತಂದಿಟ್ಟಳು. ಅದು ಆರಿ ಕೆನೆಗಟ್ಟುವವರೆಗೂ ಅಲ್ಲೇ ಇತ್ತು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ ಕಾಯೋಣ ಸಾಹೇಬ, ಕಾದದ್ದು ಸಾಕು ಎಂದ. ಶಿಕ್ಷಕರ ಕೋಣೆಯಲ್ಲಿ ಅದೇ ಒಂದು ದೊಡ್ಡ ಸುದ್ದಿಯಾಯಿತು. ನೀರಿನ ಟ್ಯಾಂಕಿನ ಕೆಳಗಿನ ತಾರಸಿಯಿಂದ ಇಡೀ ಆವರಣ ಕಾಣುತ್ತದೆ, ಎಲ್ಲರೂ ಬನ್ನಿ ಎಂದು ಕರೆದ. ಸೋದರಮಾವ ಕಟಕಟೆ ಹಿಡಿದು ಏದುಸಿರು ಬಿಡುತ್ತ ಹತ್ತಿದರು. ಈ ಸಲ ನಿದ್ದೆಗೆ ಅವಕಾಶವಿರಲಿಲ್ಲ. ಲೆಕ್ಕದ ಮೇಷ್ಟ್ರು ಹಿಂದೆಯೇ ಬಂದರು. ತಂಗಿ ಬಂದಳು. ದೊಡ್ಡ ಮೇಡಂ ಕೈಚೀಲವನ್ನು ಎದೆಗೆ ಅವುಚಿಕೊಂಡು ಕೊನೆಗೆ ಹತ್ತಿದಳು.

ಮೇಲಿನಿಂದ ನೋಡಿದರೆ ಶಾಲೆ ಬೇರೆಯೇ ಆಗಿತ್ತು. ಹಸಿರಿನ ತುಂಬ ಮಣ್ಣಿನ ಗೆರೆಗಳು. ಸಾಹೇಬ ಒಂದೊಂದನ್ನೇ ಬೆರಳಿನಿಂದ ತೋರಿಸುತ್ತ ಓದಿ ಹೇಳಿದ. ಗೇಟಿನಿಂದ ತರಗತಿಗಳಿಗೆ ಯಾರೂ ನೇರ ಬರುವುದಿಲ್ಲ, ಎಲ್ಲರೂ ಬೇವಿನ ಮರದ ಸುತ್ತ ಹಾಯುತ್ತಾರೆ, ಆದ್ದರಿಂದ ಮರಕ್ಕೆ ಕಟ್ಟೆ. ಸಂಗೀತದವರೂ ನಾಟಕದವರೂ ಅಡುಗೆಕೋಣೆಯ ಹಿಂದೆ ಸೇರುತ್ತಾರೆ, ಆದ್ದರಿಂದ ರಂಗಮಂದಿರದ ಬಾಗಿಲು ಅಲ್ಲಿ. ಲೆಕ್ಕದ ಕೋಣೆಯ ಮುಂದೆ ಒಂದು ವಿಚಿತ್ರವಿತ್ತು. ಹೊರಗೆ ಬರುವ ದಾರಿ ಅಗಲವಾಗಿ, ನೇರವಾಗಿ, ಓಡಿಬಂದ ಹಾಗಿತ್ತು. ಒಳಗೆ ಹೋಗುವ ದಾರಿ ಸುತ್ತಿ ಬಳಸಿ ಹೋಗಿತ್ತು. ಮೇಷ್ಟ್ರು ಒಮ್ಮೆ ಕೆಮ್ಮಿ ಆಕಾಶ ನೋಡಿದರು.

ಆಮೇಲೆ ಅವನ ಬೆರಳು ಅಪ್ಪನ ಹಾಲ್ ಮೇಲೆ ನಿಂತಿತು. ಅದರ ಮುಂದೆ, ಮೊದಲೆಲ್ಲ ಮಕ್ಕಳು ತುಳಿದು ತುಳಿದು ಕಲ್ಲಾಗಿದ್ದ ನೆಲದಲ್ಲಿ, ಹೊಸ್ತಿಲವರೆಗೂ ಹುಲ್ಲು ದಟ್ಟವಾಗಿ ಬೆಳೆದು ನಿಂತಿತ್ತು. ಒಂದು ಗೆರೆಯೂ ಇರಲಿಲ್ಲ.

"ಇದು ನನಗೆ ಬೇಜಾರಿನ ವಿಷಯ," ಎಂದ ಸಾಹೇಬ. "ಬಂದ ವಾರವೇ ಅಳೆದಿದ್ದೆ. ಇದನ್ನು ನಡುವೆ ಇಟ್ಕೊಂಡು ಸುತ್ತ ಕಟ್ಟೋಣ ಅಂತಿದ್ದೆ. ಇಂಥ ಬೆಳಕು ನಾನು ಮಾಡ್ತೀನಿ ಅಂದ್ರೂ ಬರಲ್ಲ. ಆದ್ರೆ ಸೂರು ಹೋಗಿದೆ ಅಂತ ಮೇಡಂ ಹೇಳಿದ್ರು, ಒಂದು ಮಗುವಿನ ಕಾಲೂ ಆ ಕಡೆ ಹೋಗಿಲ್ಲ. ಇಟ್ಕೊಂಡು ಏನ್ ಮಾಡೋದು?"

ಸೋದರಮಾವ ಎದೆ ನೀವಿಕೊಳ್ಳುತ್ತ, ಸರಿ, ತೆಗೆದುಬಿಡಿ ಎಂದರು.

ದೊಡ್ಡ ಮೇಡಂ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಇನ್ನೊಂದು ಗೆರೆಯ ಮೇಲೆ ಬಿತ್ತು. ಕೆಳಗಿದ್ದಾಗ ಅವಳು ಆ ಗೆರೆ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ನೋಡಿದ್ದಳು. ಎಲ್ಲಿಂದ ಹೊರಡುತ್ತದೆ ಎಂದು ಈಗ ಕಂಡಿತು. ಅದು ತನ್ನ ಆಫೀಸಿನ ಹಿಂಬಾಗಿಲಿನಿಂದ ಹೊರಟಿತ್ತು. ಹಾಲ್‌ನ ಹಿಂದಿನ ಬೀಗದ ಮುಂದೆ ಒಂದು ಬೋಳು ಚುಕ್ಕೆ. ಅಲ್ಲಿಂದ ಬಳಸಿ ಡ್ಯಾನ್ಸ್ ಕೋಣೆಯ ಕಿಟಕಿ. ಕಿಟಕಿಯ ಪಕ್ಕ, ಗೋಡೆಯ ಮೂಲೆಯಲ್ಲಿ, ಒಬ್ಬರೇ ನಿಂತು ನಿಂತು ತುಳಿದ ಇನ್ನೊಂದು ಬೋಳು ಚುಕ್ಕೆ. ಮಕ್ಕಳ ದಾರಿಗಳಂತೆ ಅಗಲವಿರಲಿಲ್ಲ. ಒಂದೇ ಜೋಡಿ ಕಾಲಿನಷ್ಟು ಸಪೂರ, ಮತ್ತು ಇಡೀ ಆವರಣದಲ್ಲಿ ಅಷ್ಟು ಆಳವಾಗಿ ಸವೆದ ದಾರಿ ಮತ್ತೊಂದಿರಲಿಲ್ಲ.

ಸಾಹೇಬನೂ ಅದನ್ನೇ ನೋಡುತ್ತಿದ್ದ. "ಇದೊಂದು ನನಗೆ ಬಗೆಹರೀಲಿಲ್ಲ. ಇದು ಯಾರ ದಾರಿ?"

ಲೆಕ್ಕದ ಮೇಷ್ಟ್ರು ಮೊದಲು ಆಫೀಸಿನ ಹಿಂಬಾಗಿಲನ್ನು ನೋಡಿದರು, ಆಮೇಲೆ ದೊಡ್ಡ ಮೇಡಂ ಕಡೆ ತಿರುಗತೊಡಗಿದರು.

"ನಂದು," ಎಂದಳು ತಂಗಿ. "ಆಫೀಸಿಗೆ ಹೋಗಿಬರೋಕೆ ಅದು ಹತ್ತಿರ."

ಹತ್ತಿರವಲ್ಲ, ಸುತ್ತು. ಅದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಸಾಹೇಬ ಚೀಲ ಹೆಗಲಿಗೇರಿಸಿದ. ಸೋದರಮಾವನನ್ನು ಹುಷಾರಾಗಿ ಹಿಡಿದುಕೊಂಡು ಎಲ್ಲರೂ ಕೆಳಗಿಳಿದರು. ಅಕ್ಕತಂಗಿಯರಿಬ್ಬರೇ ತಾರಸಿಯಲ್ಲಿ ಉಳಿದರು.

ಯಾಕೆ ಸುಳ್ಳು ಹೇಳಿದೆ ಎಂದು ಅಕ್ಕ ಕೇಳಿದಳು. ಕೇಳುವಾಗಲೂ, ಇದರಲ್ಲಿ ಇನ್ನೇನು ಇದೆಯೋ ಎಂಬ ಗುಮಾನಿ ಒಳಗೆ ಒಂದು ಮೂಲೆಯಲ್ಲಿ ಕೂತೇ ಇತ್ತು.

ತಂಗಿ ಕಟಕಟೆಗೆ ಒರಗಿ ನಿಂತಳು. "ಎಲ್ಲರ ಮುಂದೆ ನಿನಗೆ ನಾಚಿಕೆ ಆಗುತ್ತೆ ಅಂತ. ನೀನು ಕಿಟಕಿ ಹತ್ತಿರ ಬಂದು ನಿಂತ್ಕೊಳ್ಳೋದು ನಂಗೆ ಮೊದಲನೇ ದಿನದಿಂದ ಗೊತ್ತು. ಇಷ್ಟು ವರ್ಷ ಆದ್ಮೇಲೆ ಡ್ಯಾನ್ಸ್ ನೋಡೋ ಮನಸ್ಸು ಬಂದಿದೆ, ಒಳಗೆ ಬರೋಕೆ ಸಂಕೋಚ ಅಂದ್ಕೊಂಡೆ. ಕರೆದ್ರೆ ಎಲ್ಲಿ ಬರೋದು ನಿಲ್ಲಿಸಿಬಿಡ್ತೀಯೋ ಅಂತ ಕರೀಲಿಲ್ಲ. ಕಿಟಕಿ ತೆಗೆದಿಟ್ಟೆ. ಮಕ್ಕಳನ್ನ ನಿನ್ನ ಕಡೆಗೆ ತಿರುಗಿಸಿದೆ. ಮಂಡಿ ನೋವು ಅಂತೀಯಲ್ಲ, ಕುರ್ಚಿ ಹಾಕಿಸಿದೆ. ನೀನು ಕೂರ್ಲೇ ಇಲ್ಲ." ಅವಳು ಸ್ವಲ್ಪ ನಕ್ಕಳು. "ಹೊಸ ಕಟ್ಟಡದಲ್ಲಿ ಆ ಕಡೆಗೇ ಒಂದು ಜಗಲಿ ಮಾಡಿಸ್ತಿದ್ದೀನಿ. ಹಾಲ್‌ನ ಗೋಡೆಗೆ ಬೆನ್ನು ಕೊಟ್ಟು ನೀನು ಕೂತ್ಕೋಬಹುದು ಅಂತ. ಈಗ ಹಾಲೇ ಹೋಗುತ್ತಲ್ಲ."

ದೊಡ್ಡ ಮೇಡಂ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಒಳಜೇಬಿನ ಬೀಗದ ಕೈ ಬಟ್ಟೆಯ ಮೇಲಿಂದಲೇ ಬೆರಳಿಗೆ ಸಿಗುತ್ತಿತ್ತು. ಈಗ ಸುಮ್ಮನಿದ್ದರೆ ಆಯಿತು. ಹೌದು, ನೋಡಲೆಂದೇ ಬರುತ್ತಿದ್ದೆ ಎಂದರೆ ತಂಗಿಯ ಮುಖದ ಮೇಲಿನ ಆ ನಗು ಹಾಗೇ ಉಳಿಯುತ್ತದೆ. ಅಪ್ಪನ ಹಾಲ್ ಹೋಗುತ್ತದೆ. ಹಾಲ್ ಉಳಿಯಬೇಕಾದರೆ ಸೂರಿನ ಸುಳ್ಳು ಹೊರಗೆ ಬರಬೇಕು. ಅದು ಬಂದರೆ, ಬೀಗ ಯಾಕೆ ಹಾಕಿದೆ ಎಂಬುದಕ್ಕೆ ಇರುವ ಉತ್ತರ ಒಂದೇ. ಬಣ್ಣ ಮೆತ್ತಿದ ಆ ಕಂಬ ಅವಳ ಕಣ್ಣ ಮುಂದೆ ಬಂತು. ಆಮೇಲೆ, ಯಾಕೋ, ನೀರೊಳಗೆ ಬಿಟ್ಟ ಹಾಗೆ ಕೆಳಗಿಳಿದ ಆ ಕೈ.

"ನಾನು ಡ್ಯಾನ್ಸ್ ನೋಡೋಕೆ ಬರ್ತಿರಲಿಲ್ಲ," ಎಂದಳು.

ತಂಗಿ ತಿರುಗಿ ನೋಡಿದಳು.

"ನೀನೂ ಅವನೂ ಸೇರಿ ಹಾಲ್ ಬೀಳಿಸ್ತೀರಿ ಅಂದ್ಕೊಂಡಿದ್ದೆ. ಹಿಡೀಬೇಕು ಅಂತ ಬರ್ತಿದ್ದೆ. ಸೂರಿಗೆ ಏನೂ ಆಗಿಲ್ಲ. ಬೀಗ ಹಾಕಿದ್ದೂ ಅದಕ್ಕೇ."

ಆ ನಗು ಒಂದೇ ಸಲಕ್ಕೆ ಹೋಗಲಿಲ್ಲ. ತಂಗಿ ಕೆಳಗಿನ ಸಪೂರ ದಾರಿಯನ್ನು ಆಫೀಸಿನಿಂದ ಕಿಟಕಿಯವರೆಗೂ ಇನ್ನೊಮ್ಮೆ ಕಣ್ಣಿನಲ್ಲೇ ನಡೆದು ಮುಗಿಸಿದಳು. ಓ ಎಂದಳು, ಅಷ್ಟೇ. ಆಮೇಲೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಬಯ್ದಿದ್ದರೆ ದೊಡ್ಡ ಮೇಡಂ ತಿರುಗಿ ಬಯ್ಯುತ್ತಿದ್ದಳು, ಅದು ಅವಳಿಗೆ ಬರುತ್ತಿತ್ತು. ಹೀಗೆ ಸುಮ್ಮನೆ ಹೋದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ವಯಸ್ಸಿನಲ್ಲಿ, ಆ ಸ್ಥಾನದಲ್ಲಿ, ಹಾಡುಹಗಲೇ ತಾರಸಿಯ ಮೇಲೆ ನಿಂತು ಅವಳು ಅತ್ತಳು.

ಕೆಳಗಿಳಿದು ಬಂದವಳು ಸಾಹೇಬನ ಮುಂದೆ ಬೀಗದ ಕೈ ಇಟ್ಟಳು. ಸೋದರಮಾವನೂ ಲೆಕ್ಕದ ಮೇಷ್ಟ್ರೂ ಕೇಳುವಂತೆಯೇ, ಸೂರು ಗಟ್ಟಿಯಾಗಿದೆ, ಸುಳ್ಳು ಹೇಳಿದ್ದು ನಾನು, ಆ ಕಾಲುದಾರಿಯೂ ನನ್ನದೇ ಎಂದಳು. ಮೇಷ್ಟ್ರು ಏನೂ ಹೇಳಲಿಲ್ಲ. ಈ ಸಲ ನಿಜವಾಗಿಯೂ ಏನೂ ಹೇಳಲಿಲ್ಲ. ಸಾಹೇಬ ಹಾಲ್ ತೆರೆದು, ಏಣಿ ಹಾಕಿಸಿ, ತೊಲೆಗಳನ್ನೆಲ್ಲ ತಟ್ಟಿ ನೋಡಿ, ತಲೆಯ ಮೇಲೆ ಜೇಡರ ಬಲೆಯೊಂದಿಗೆ ಇಳಿದು ಬಂದು, ಕಾಯೋಣ ಎಂದ. ಬಾಗಿಲು ತೆರೆದಿರಲಿ, ಡ್ರಾಯಿಂಗ್ ತರಗತಿ ವಾಪಸ್ಸು ಹೋಗಲಿ, ಹುಲ್ಲು ಏನು ಹೇಳುತ್ತದೋ ನೋಡೋಣ. ಆ ಮಾತು ದೊಡ್ಡ ಮೇಡಂಗೆ ಮೊದಲ ಸಲ ಹಿತವಾಗಿ ಕೇಳಿತು.

ಮರುದಿನ ಮೊಗಸಾಲೆಯ ಮಕ್ಕಳು ಹಾಳೆ, ಹಲಗೆ, ಬಣ್ಣದ ಡಬ್ಬಿಗಳನ್ನು ಹೊತ್ತು ಗದ್ದಲ ಮಾಡುತ್ತ ಹುಲ್ಲನ್ನು ತುಳಿದುಕೊಂಡು ಹಾಲ್‌ಗೆ ಹೋದರು. ಅವಳು ಆಫೀಸಿನ ಕಿಟಕಿಯಿಂದ ನೋಡಿದಳು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಬೆಳಗಿನ ತಿಂಡಿಗೆ ತಂಗಿ ಎದುರಿಗೆ ಕೂತಿರಲಿಲ್ಲ, ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಊಟದ ಬಿಡುವು ಮುಗಿದ ಮೇಲೆ ದೊಡ್ಡ ಮೇಡಂ ಹಿಂಬಾಗಿಲು ತೆರೆದು ತನ್ನ ದಾರಿ ಹಿಡಿದಳು. ಈಗ ನೋಡಲು ಬೀಗವಿರಲಿಲ್ಲ. ಡ್ಯಾನ್ಸ್ ಕೋಣೆಯ ಹಿಂದೆ ಬಂದಾಗ ಕಾಲು ನಿಂತಿತು. ಕಿಟಕಿ ಮುಚ್ಚಿತ್ತು. ಕೆಳಗೆ ಕುರ್ಚಿ ಇರಲಿಲ್ಲ. ನಾಲ್ಕು ಕಾಲು ಊರಿದ್ದ ಗುರುತು ಮಾತ್ರ ಮಣ್ಣಿನಲ್ಲಿತ್ತು. ತಂಗಿ ತನಗೆ ಎಳ್ಳುನೀರು ಬಿಟ್ಟಳು ಎಂದು ಅವಳು ತಕ್ಷಣ ತೀರ್ಮಾನಿಸಿದಳು. ಕೆಟ್ಟದ್ದನ್ನು ತೀರ್ಮಾನಿಸುವುದರಲ್ಲಿ ಅವಳು ಎಂದೂ ತಡಮಾಡಿದವಳಲ್ಲ. ಹಿಂತಿರುಗಿ ನಾಲ್ಕು ಹೆಜ್ಜೆ ಹಾಕಿದಳು ಕೂಡ. ಆಮೇಲೆ, ಹಳೆಯ ಚಾಳಿ, ವಾಪಸ್ಸು ಬಂದು ಗಾಜಿಗೆ ಮುಖ ಒತ್ತಿ ಒಮ್ಮೆ ಇಣುಕಿದಳು.

ಒಳಗೆ ಮಕ್ಕಳು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ಅದರ ಪಕ್ಕ, ಗೋಡೆಗೆ ಒತ್ತಿ, ಊಟದ ಮೇಜಿನ ಆ ಕುರ್ಚಿ ಇತ್ತು, ದಿಂಬಿನ ಸಮೇತ. ಯಾರೂ ಕೂತಿರಲಿಲ್ಲ. ಸಾಹೇಬನಿಗಿರಬಹುದೇ ಎಂಬ ಯೋಚನೆ ಅವಳಿಗೆ ಬಂದೇ ಬಂತು. ತಂಗಿ ಕಿಟಕಿಯ ಕಡೆ ತಿರುಗಿಯೂ ನೋಡದೆ ಮಕ್ಕಳಿಗೆ, ಇನ್ನೂ ಶುರು ಮಾಡಬೇಡಿ, ಒಬ್ಬರು ಬರೋದಿದೆ ಎನ್ನುತ್ತಿದ್ದಳು.

ಮುಂಬಾಗಿಲಿಗೆ ಆ ಕಡೆಯಿಂದ ದಾರಿ ಇರಲಿಲ್ಲ. ಮೊಣಕಾಲೆತ್ತರದ ಹುಲ್ಲು. ದೊಡ್ಡ ಮೇಡಂ ಸೀರೆಯ ಅಂಚು ಎತ್ತಿ ಹಿಡಿದು ಅದರಲ್ಲೇ ಕಾಲಿಟ್ಟಳು.